ಹಳೆಯ ಕಂಪೈಲರಿಗೆ ನಿವೃತ್ತಿ ಯಾವಾಗ?

ಸರ್ಕಾರಿ ನೌಕರನ ನಿವೃತ್ತಿಯ ದಿನ ಆತ ಕೆಲಸಕ್ಕೆ ಸೇರಿದ ದಿನವೇ ಗೊತ್ತಾಗಿಬಿಡುತ್ತದೆ. ಸೇವಾ ಪುಸ್ತಕದಲ್ಲಿ ಜನ್ಮದಿನಾಂಕ ಬರೆದರೆ ಮುಗಿಯಿತು. ಉಳಿದದ್ದು ಬರೀ ಕೂಡುವ ಲೆಕ್ಕ. ಗಣಕದೊಳಗೆ ದುಡಿಯುವ ತಂತ್ರಾಂಶಗಳಿಗೆ ಇಂಥ ಸೇವಾ ಪುಸ್ತಕವಿಲ್ಲ. ಅದರಲ್ಲೂ ಕಂಪೈಲರ್ ಎಂಬ ತಂತ್ರಾಂಶವನ್ನು ಒಂದು ಆಪರೇಟಿಂಗ್ ಸಿಸ್ಟಮ್‌ನಿಂದ ಯಾವಾಗ ಹೊರಗಿಡಬೇಕು, ತಡಮಾಡಿದರೆ ಏನಾಗುತ್ತದೆ, ಆತುರಪಟ್ಟರೆ ಏನಾಗುತ್ತದೆ ಎಂಬುದನ್ನು ಇಲ್ಲಿ ಪರಿಶೀಲಿಸೋಣ. ಇದು ಗಣಕ ವಿಜ್ಞಾನದವರ ತಲೆನೋವು ಎಂದುಕೊಂಡು ಭೌತವಿಜ್ಞಾನದ ಅಧ್ಯಾಪಕರು ಪುಟ ಮಗುಚುವುದು ಬೇಡ. ನಾನೂ ಭೌತವಿಜ್ಞಾನದವನೇ; ಪೆಟ್ಟು ತಿಂದೇ ಈ ವಿಷಯಕ್ಕೆ ಬಂದವನು.

ಆ ಪೆಟ್ಟಿನ ಕಥೆ ಹೀಗಿದೆ. ನನ್ನ ಡಾಕ್ಟರೇಟ್ ಅಧ್ಯಯನದ ಕಾಲದಲ್ಲಿ ಲೆಕ್ಕಗಳನ್ನೆಲ್ಲ ಫೋರ್ಟ್ರಾನ್ 77 ಭಾಷೆಯಲ್ಲಿ ಬರೆದು, ಜಿ77 ಎಂಬ ಕಂಪೈಲರಿನಿಂದ ಯಂತ್ರಭಾಷೆಗೆ ಪರಿವರ್ತಿಸಿ ಓಡಿಸುತ್ತಿದ್ದೆ. ಫಲಿತಾಂಶಗಳನ್ನು ದ್ವಿಮಾನ ರೂಪದ ಕಡತಗಳಲ್ಲಿ ಉಳಿಸಿಟ್ಟಿದ್ದೆ. 2006ರಲ್ಲಿ ನಮ್ಮ ಪ್ರಯೋಗಾಲಯದ ಗಣಕಗಳಿಗೆ ಹೊಸ ಲಿನಕ್ಸ್ ಹಾಕಿದ ಮಾರನೆಯ ದಿನ ಅದೇ ಕ್ರಮವಿಧಿ ಅದೇ ಕಡತಗಳನ್ನು ಓದಲು ನಿರಾಕರಿಸಿತು. ಡಿಸ್ಕ್ ಕೆಟ್ಟಿದೆ ಎಂದುಕೊಂಡು ಬೇರೆ ಡಿಸ್ಕ್ ಹಾಕಿದೆವು. ಸಿ.ಡಿ.ಯಲ್ಲಿದ್ದ ಪ್ರತಿಯನ್ನು ತಂದೆವು. ಎರಡು ವಾರ ಹೀಗೆಯೇ ಕಳೆಯಿತು. ಕೊನೆಗೆ ಕಡತದ ಒಂದೊಂದೇ ಬೈಟನ್ನು ತೆರೆದು ನೋಡಿದಾಗ ದೋಷ ಬಯಲಾಯಿತು.

ಫೋರ್ಟ್ರಾನ್ ತನ್ನ ದ್ವಿಮಾನ ಕಡತದಲ್ಲಿ ಪ್ರತಿಯೊಂದು ದಾಖಲೆಯ ಹಿಂದೆಯೂ ಮುಂದೆಯೂ ಅದರ ಉದ್ದವನ್ನು ಬರೆದಿಡುತ್ತದೆ. ಜಿ77 ಈ ಉದ್ದಕ್ಕೆ 4 ಬೈಟ್ ಬಳಸುತ್ತಿತ್ತು. 2005ರ ಏಪ್ರಿಲ್‌ನಲ್ಲಿ ಜಿಸಿಸಿ ಎಂಬ ಕಂಪೈಲರ್ ಸಮೂಹದ 4.0 ಆವೃತ್ತಿ ಬಂದಾಗ ಅದರ ಒಳರಚನೆಯೇ ಬದಲಾಗಿದ್ದರಿಂದ ಜಿ77 ಅನ್ನು ಕೈಬಿಟ್ಟು ಜಿಫೋರ್ಟ್ರಾನ್ ಎಂಬ ಹೊಸ ಕಂಪೈಲರನ್ನು ಸೇರಿಸಲಾಯಿತು. ಹೊಸಬ ಅನೇಕ ವ್ಯವಸ್ಥೆಗಳಲ್ಲಿ ಅದೇ ಉದ್ದಕ್ಕೆ 8 ಬೈಟ್ ಬಳಸತೊಡಗಿದ. ಅಂದರೆ, ಹಳೆಯ ಕಡತದ ಮೊದಲ 4 ಬೈಟ್ ಉದ್ದವನ್ನೂ ಅದರ ಪಕ್ಕದ 4 ಬೈಟ್ ದತ್ತಾಂಶವನ್ನೂ ಒಟ್ಟು ಸೇರಿಸಿ 'ಇದೇ ಉದ್ದ' ಎಂದು ಓದಿದರೆ ಏನು ಬರಬೇಕು? ಕಡತಕ್ಕಿಂತ ಕೋಟಿಪಟ್ಟು ದೊಡ್ಡ ಸಂಖ್ಯೆ ಬಂತು. 2007ರ 4.2 ಆವೃತ್ತಿಯಲ್ಲಿ ಮತ್ತೆ 4 ಬೈಟಿಗೇ ಮರಳಿದರು. ನಡುವಿನ ಎರಡು ವರ್ಷ ಸಿಕ್ಕಿಬಿದ್ದವರು ನನ್ನಂಥವರು. ಜಿ77 ನಿವೃತ್ತಿಯಾದದ್ದು ತಪ್ಪೆಂದು ನಾನು ಇಂದು ಹೇಳುವುದಿಲ್ಲ. ಆದರೆ ಉತ್ತರಾಧಿಕಾರಿಯು ಹಳಬನ ದಫ್ತರವನ್ನು ಓದಬಲ್ಲನೇ ಎಂದು ಪರೀಕ್ಷಿಸದೆ ಹಳಬನನ್ನು ಕಳಿಸಿಕೊಟ್ಟದ್ದು ಆತುರವೇ ಸರಿ.

ಈಗ ಇದಕ್ಕೆ ತದ್ವಿರುದ್ಧವಾದ ಒಂದು ಪ್ರಕರಣವನ್ನು ನೋಡೋಣ. ಇಲ್ಲಿ ತಪ್ಪಿದ್ದರೆ ಅದು ಆತುರದ್ದಲ್ಲ, ನಿಧಾನದ್ದು.

ಹದಿಮೂರು ವರ್ಷದ ಜಿಸಿಸಿ 4.2.1

ಫ್ರೀಬಿಎಸ್‌ಡಿ ಎಂಬುದು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಯೂನಿಕ್ಸ್ ಸಂತತಿಯಿಂದ 1993ರಲ್ಲಿ ಹೊರಬಂದ ಮುಕ್ತ ಆಪರೇಟಿಂಗ್ ಸಿಸ್ಟಮ್. ಲಿನಕ್ಸ್‌ನಲ್ಲಿ ಕರ್ನೆಲ್ ಒಬ್ಬರದು, ಕಂಪೈಲರ್ ಇನ್ನೊಬ್ಬರದು, ಎರಡನ್ನೂ ಸೇರಿಸಿ ಕೊಡುವವರು ಮತ್ತೊಬ್ಬರು. ಫ್ರೀಬಿಎಸ್‌ಡಿ ಹಾಗಲ್ಲ. ಅಲ್ಲಿ ಕರ್ನೆಲ್, ದಿನನಿತ್ಯದ ಉಪಕರಣಗಳು, ಅವನ್ನೆಲ್ಲ ಕಟ್ಟುವ ಕಂಪೈಲರ್, ಎಲ್ಲವೂ ಒಂದೇ ಆಕರ ಸಂಗ್ರಹದಲ್ಲಿ ಅವಿಭಕ್ತ ಕುಟುಂಬದಂತೆ ಇರುತ್ತವೆ. ಒಂದೇ ಆದೇಶ ಕೊಟ್ಟರೆ ವ್ಯವಸ್ಥೆಯು ಮೊದಲು ತನ್ನ ಕಂಪೈಲರನ್ನು ಕಟ್ಟಿಕೊಂಡು, ಅದರಿಂದ ತನ್ನನ್ನು ತಾನೇ ಪೂರ್ತಿಯಾಗಿ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಇಲ್ಲಿ ಕಂಪೈಲರನ್ನು ಹೊರಗಿಡುವುದೆಂದರೆ ಮನೆಗೆ ಬಂದ ಅತಿಥಿಯನ್ನು ಬೀಳ್ಕೊಟ್ಟಂತಲ್ಲ, ಒಲೆಯನ್ನೇ ಬದಲಿಸಿದಂತೆ.

ಬಹುಕಾಲ ಆ ಒಲೆ ಜಿಸಿಸಿಯೇ ಆಗಿತ್ತು. ರಿಚರ್ಡ್ ಸ್ಟಾಲ್‌ಮನ್ 1987ರಲ್ಲಿ ಬಿಡುಗಡೆ ಮಾಡಿದ ಈ ಕಂಪೈಲರ್ ಇಲ್ಲದಿದ್ದರೆ ಮುಕ್ತ ಆಪರೇಟಿಂಗ್ ಸಿಸ್ಟಮ್ ಎಂಬ ಕಲ್ಪನೆಯೇ ಕಾಗದದ ಮೇಲೆ ಉಳಿಯುತ್ತಿತ್ತು. ಇಷ್ಟಾದರೂ 2007ರಲ್ಲಿ ಒಂದು ಬಿಕ್ಕಟ್ಟು ತಲೆದೋರಿತು. ಆ ವರ್ಷದ ಜೂನ್ ಕೊನೆಯಲ್ಲಿ ಜಿಪಿಎಲ್ ಪರವಾನಗಿಯ ಮೂರನೆಯ ಆವೃತ್ತಿ ಹೊರಬಿತ್ತು. ಪೇಟೆಂಟ್‌ಗಳ ಬಗ್ಗೆ, ಉಪಕರಣಗಳಲ್ಲಿ ತಂತ್ರಾಂಶವನ್ನು ಬೀಗಹಾಕಿ ಮಾರುವುದರ ಬಗ್ಗೆ ಅದರಲ್ಲಿ ಹೊಸ ಕಟ್ಟುಪಾಡುಗಳಿದ್ದವು. ಜುಲೈನಲ್ಲಿ ಬಂದ ಜಿಸಿಸಿ 4.2.1 ಹಳೆಯ ಪರವಾನಗಿಯಡಿ ಬಂದ ಕೊನೆಯ ಆವೃತ್ತಿ. ಫ್ರೀಬಿಎಸ್‌ಡಿಯನ್ನು ಆಧಾರವಾಗಿಟ್ಟುಕೊಂಡು ರೂಟರ್ ಮುಂತಾದ ಉಪಕರಣಗಳನ್ನು ತಯಾರಿಸುವ ಕಂಪೆನಿಗಳಿದ್ದುದರಿಂದ ಹೊಸ ಪರವಾನಗಿಯ ತಂತ್ರಾಂಶವನ್ನು ತಮ್ಮ ಮೂಲ ಸಂಗ್ರಹಕ್ಕೆ ತರುವುದು ಬೇಡವೆಂದು ಫ್ರೀಬಿಎಸ್‌ಡಿಯವರು ನಿರ್ಧರಿಸಿದರು. ಹೀಗೆ ಅವರ ಒಲೆ 4.2.1ರಲ್ಲೇ ನಿಂತುಹೋಯಿತು.

ಇಲ್ಲಿ ಒಂದು ವಿಷಯವನ್ನು ನೀವು ಗಮನಿಸಬೇಕು. ಆ ಆವೃತ್ತಿ ಉಳಿದದ್ದು ಅದು ಉತ್ತಮವೆಂದಲ್ಲ. ಅದರಾಚೆಗೆ ಹೋಗಲು ಕಾನೂನಿನ ಬೇಲಿ ಅಡ್ಡ ಇತ್ತು ಎಂದು. ಪರವಾನಗಿಯ ಕಾರಣವನ್ನು ನಾನು ಕೀಳಾಗಿ ಕಾಣುವುದಿಲ್ಲ. ಇನ್ನೊಬ್ಬರ ಜೀವನೋಪಾಯ ಅದರ ಮೇಲೆ ನಿಂತಿರುವಾಗ ಅದೂ ಗಂಭೀರವಾದ ಕಾರಣವೇ. ಆದರೆ ಕಾನೂನಿಗಾಗಿ ನಿಂತ ನಿಲುಗಡೆಯನ್ನು ವರ್ಷಗಳು ಕಳೆದಂತೆ 'ಸ್ಥಿರತೆ' ಎಂದು ಕರೆದುಕೊಳ್ಳುವ ಅಪಾಯವಿದೆ. ನಿಂತ ಗಡಿಯಾರವೂ ಸ್ಥಿರವೇ ಅಲ್ಲವೇ?

ಪರ್ಯಾಯ ಸಿಕ್ಕಿದ್ದು ಇಲಿನಾಯ್ ವಿಶ್ವವಿದ್ಯಾಲಯದಿಂದ. ಅಲ್ಲಿ ವಿಕ್ರಮ್ ಅಡ್ವೆ ಮತ್ತು ಅವರ ವಿದ್ಯಾರ್ಥಿ ಕ್ರಿಸ್ ಲ್ಯಾಟ್ನರ್ 2000ದಲ್ಲಿ ಆರಂಭಿಸಿದ ಎಲ್‌ಎಲ್‌ವಿಎಂ ಸಂಶೋಧನೆಯ ಮೇಲೆ ಆ್ಯಪಲ್ ಕಂಪೆನಿ ಕ್ಲ್ಯಾಂಗ್ ಎಂಬ ಸಿ ಭಾಷೆಯ ಕಂಪೈಲರನ್ನು ಕಟ್ಟಿ 2007ರಲ್ಲಿ ಮುಕ್ತಗೊಳಿಸಿತು. ಫ್ರೀಬಿಎಸ್‌ಡಿ ಅದನ್ನು 2010ರ ಜೂನ್‌ನಲ್ಲಿ ತನ್ನ ಸಂಗ್ರಹಕ್ಕೆ ತಂದಿತು. 2014ರ ಜನವರಿಯಲ್ಲಿ ಬಂದ 10.0 ಆವೃತ್ತಿಯಲ್ಲಿ ಇಂಟೆಲ್ ಮಾದರಿಯ ಪ್ರೊಸೆಸರ್‌ಗಳಿಗೆ ಕ್ಲ್ಯಾಂಗ್ ಅಧಿಕೃತ ಕಂಪೈಲರಾಯಿತು. ಜಿಸಿಸಿಯನ್ನು ಆ ಗಣಕಗಳಲ್ಲಿ ತಾನಾಗಿಯೇ ಅಳವಡಿಸುವುದು ನಿಂತಿತು. ಇಲ್ಲಿಯವರೆಗಿನ ನಡೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಹೊಸಬನನ್ನು ತಂದು, ಹಳಬನ ಪಕ್ಕದಲ್ಲಿ ಕೂರಿಸಿ, ಮೂರೂವರೆ ವರ್ಷ ಇಬ್ಬರಿಂದಲೂ ಒಂದೇ ಕೆಲಸ ಮಾಡಿಸಿ ಹೋಲಿಸಿ ನೋಡಿದರು. ಜಿ77ರ ವಿಷಯದಲ್ಲಿ ಆಗದೇ ಹೋದದ್ದು ಇದೇ.

ಆದರೆ 2014ರಲ್ಲಿ ಅರ್ಧ ನಿವೃತ್ತನಾದ ಹಳಬ ಪೂರ್ತಿ ಹೊರಟದ್ದು ಯಾವಾಗ ಗೊತ್ತೇ? 2020ರ ಫೆಬ್ರವರಿ 29ರಂದು. ಆರು ವರ್ಷ! ಪವರ್‌ಪಿಸಿ, ಮಿಪ್ಸ್, ಸನ್ ಕಂಪೆನಿಯ ಸ್ಪಾರ್ಕ್ 64 ಮುಂತಾದ ಕೆಲವು ಪ್ರೊಸೆಸರ್‌ಗಳಿಗೆ ಕ್ಲ್ಯಾಂಗ್ ಇನ್ನೂ ಸರಿಹೊಂದಿಲ್ಲ ಎಂಬುದು ಕೊಟ್ಟ ಕಾರಣ. ಕೇಳಲು ನ್ಯಾಯವಾಗಿಯೇ ಇದೆ. ಅದಕ್ಕೆ ತೆತ್ತ ಬೆಲೆಯನ್ನೂ ನೋಡೋಣ.

ಸಿ ಭಾಷೆಯ ಮಾನಕ 2011ರಲ್ಲಿ ಪರಿಷ್ಕೃತವಾಯಿತು. ಬಹುತಂತು ಕ್ರಮವಿಧಿಗಳಲ್ಲಿ ಸ್ಮೃತಿಯ ಬಳಕೆ ಹೇಗಿರಬೇಕು ಎಂಬ ಸ್ಪಷ್ಟ ನಿಯಮಗಳು ಅದರಲ್ಲಿ ಮೊದಲ ಬಾರಿ ಬಂದವು. 2007ರ ಕಂಪೈಲರಿಗೆ ಇದು ತಿಳಿಯುವುದಾದರೂ ಹೇಗೆ? ಆದ್ದರಿಂದ ಇಡೀ ವ್ಯವಸ್ಥೆಗೆ ಸಾಮಾನ್ಯವಾದ ಶೀರ್ಷಕ ಕಡತಗಳಲ್ಲಿ 'ಕಂಪೈಲರ್ ಹೊಸದಾದರೆ ಹೀಗೆ, ಹಳೆಯದಾದರೆ ಹಾಗೆ' ಎಂಬ ತೇಪೆಗಳನ್ನು ಹಾಕಬೇಕಾಯಿತು. ಸಿ ಪ್ಲಸ್ ಪ್ಲಸ್‌ನ ಸ್ಥಿತಿ ಇನ್ನೂ ಕಷ್ಟ. ಹೊಸ ಗ್ರಂಥಾಲಯವನ್ನು ಕಟ್ಟಲು ಹಳೆಯ ಕಂಪೈಲರಿಗೆ ಶಕ್ತಿಯಿಲ್ಲದ ಕಾರಣ ಒಂದೇ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಕೆಲವು ಪ್ರೊಸೆಸರ್‌ಗಳಿಗೆ ಒಂದು ಗ್ರಂಥಾಲಯ, ಉಳಿದವಕ್ಕೆ ಇನ್ನೊಂದು. ಇನ್ನು 64 ಬಿಟ್ ಆರ್ಮ್, ರಿಸ್ಕ್-5 ಮೊದಲಾದ ಹೊಸ ಪ್ರೊಸೆಸರ್‌ಗಳೋ, ಜಿಸಿಸಿ 4.2.1 ಬಂದಾಗ ಹುಟ್ಟಿಯೇ ಇರಲಿಲ್ಲ. ಬೆರಳೆಣಿಕೆಯ ಹಳೆಯ ಯಂತ್ರಗಳಿಗಾಗಿ ಎಲ್ಲರ ಕ್ರಮವಿಧಿಗಳೂ ತಲೆಬಾಗಿ ನಡೆಯಬೇಕಾಯಿತು ಎಂಬುದೇ ನನ್ನ ಮುಖ್ಯ ಆಕ್ಷೇಪಣೆ.

2019ರಲ್ಲಿ ಕೊನೆಗೂ ನಿಶ್ಚಿತ ವೇಳಾಪಟ್ಟಿ ಹೊರಬಿತ್ತು. ಅಷ್ಟರೊಳಗೆ ಕ್ಲ್ಯಾಂಗ್‌ಗೆ ಬನ್ನಿ, ಇಲ್ಲವೇ ಸಂಗ್ರಹದ ಹೊರಗೆ ದೊರೆಯುವ ಹೊಸ ಜಿಸಿಸಿಯನ್ನು ಬಳಸಿ ಎಂದಾಯಿತು. ಆಗ ಏನಾಯಿತು ನೋಡಿ. ವರ್ಷಾನುಗಟ್ಟಲೆ 'ಆಗದು' ಎನಿಸಿದ್ದ ಪವರ್‌ಪಿಸಿ 2020ರ ಜನವರಿಯಲ್ಲಿ ಕ್ಲ್ಯಾಂಗ್‌ಗೆ ಬಂತು. ಸ್ಪಾರ್ಕ್ 64 ಬರಲಿಲ್ಲ. ಫೆಬ್ರವರಿಯಲ್ಲಿ ಅದರ ಬೆಂಬಲವನ್ನೇ ಕೈಬಿಡಲಾಯಿತು. ಬಳಿಕ 2021ರ ಏಪ್ರಿಲ್‌ನಲ್ಲಿ ಬಂದ 13.0 ಆವೃತ್ತಿಯಲ್ಲಿ ಹಳೆಯ ಜಿಸಿಸಿಯ ಕುರುಹು ಇರಲಿಲ್ಲ. ಹಾಗಾದರೆ ಆರು ವರ್ಷ ಹಿಡಿದದ್ದು ತಾಂತ್ರಿಕ ತೊಡಕಿನಿಂದಷ್ಟೇ ಅಲ್ಲ, ಗಡುವಿಲ್ಲದ್ದರಿಂದಲೂ ಎಂದು ನನಗೆ ಅನ್ನಿಸುತ್ತದೆ. ಪರೀಕ್ಷೆಯ ವೇಳಾಪಟ್ಟಿ ಬಂದ ಮೇಲೆ ಪುಸ್ತಕ ಬಿಚ್ಚುವ ವಿದ್ಯಾರ್ಥಿಗಳನ್ನು ಕಂಡಿರುವ ಅಧ್ಯಾಪಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ಪಾರ್ಕ್ ಯಂತ್ರಗಳನ್ನು ನಂಬಿದ್ದವರಿಗೆ ಅನ್ಯಾಯವಾಗಲಿಲ್ಲವೇ ಎಂದು ನೀವು ಕೇಳಬಹುದು. ಆಯಿತು. ಆದರೆ 2014ರಲ್ಲೇ ಗಡುವು ಕೊಟ್ಟಿದ್ದರೆ ಅವರಿಗೆ ತಿಂಗಳುಗಳ ಬದಲು ವರ್ಷಗಳ ಎಚ್ಚರಿಕೆ ದೊರೆಯುತ್ತಿತ್ತು.

ಬಸ್ಸಿನ ಸೀಟೂ ಟವೆಲ್ಲೂ

ಹಳೆಯ ಕಂಪೈಲರ್ ಸುಮ್ಮನೆ ಒಂದು ಮೂಲೆಯಲ್ಲಿದ್ದರೆ ಏನು ನಷ್ಟ ಎನ್ನುವವರಿಗೆ ಲಿನಕ್ಸ್‌ನ ಈ ಪ್ರಕರಣವನ್ನು ಹೇಳಬೇಕು. 64 ಬಿಟ್ ಆರ್ಮ್ ಪ್ರೊಸೆಸರ್ ಇರುವ ಗಣಕಗಳಲ್ಲಿ ಅಪರೂಪಕ್ಕೊಮ್ಮೆ ಡಿಸ್ಕಿನ ದತ್ತಾಂಶದ ತಾಳೆ ಸಂಖ್ಯೆ ತಪ್ಪುತ್ತಿತ್ತು. ಮತ್ತೆ ನೋಡಿದರೆ ಡಿಸ್ಕ್ ಸರಿಯಾಗಿಯೇ ಇದೆ! ಯಾವಾಗ ಬರುತ್ತದೆ ಎಂದು ಹೇಳಲಾಗದ, ಬೇಕೆಂದಾಗ ಬರಿಸಲಾಗದ ಇಂಥ ದೋಷಕ್ಕಿಂತ ಕೆಟ್ಟದ್ದು ಪ್ರಯೋಗ ಮಾಡುವವನಿಗೆ ಬೇರೊಂದಿಲ್ಲ. ಪಟ್ಟುಬಿಡದೆ ಇದರ ಬೆನ್ನುಹತ್ತಿದವರು ರಸೆಲ್ ಕಿಂಗ್. 2021ರ ಜನವರಿಯಲ್ಲಿ ಅಪರಾಧಿ ಸಿಕ್ಕಿಬಿದ್ದ. ಆತ ಡಿಸ್ಕ್ ಅಲ್ಲ, ಕರ್ನೆಲ್ ಅಲ್ಲ, ಜಿಸಿಸಿ 4.9.

ನಡೆದದ್ದು ಇಷ್ಟು. ಒಂದು ಕಾರ್ಯಘಟಕವು ಕೆಲಸ ಮಾಡುವಾಗ ಸ್ಮೃತಿಯಲ್ಲಿ ಸ್ಟ್ಯಾಕ್ ಎಂಬ ಜಾಗದಲ್ಲಿ ತನ್ನ ಸಾಮಾನು ಇಟ್ಟುಕೊಂಡಿರುತ್ತದೆ. ಕೆಲಸ ಮುಗಿದಾಗ ಸ್ಟ್ಯಾಕಿನ ಸೂಚಿಯನ್ನು ಸರಿಸಿ 'ಇನ್ನು ಈ ಜಾಗ ಖಾಲಿ' ಎಂದು ಸಾರಬೇಕು. ನಮ್ಮ ಬಸ್ಸುಗಳಲ್ಲಿ ಸೀಟಿನ ಮೇಲೆ ಟವೆಲ್ ಹಾಸಿ ಜಾಗ ಹಿಡಿಯುತ್ತಾರಲ್ಲ, ಹಾಗೆ. ಇಳಿಯುವವನು ಮೊದಲು ಚೀಲ ತೆಗೆದುಕೊಂಡು ಆಮೇಲೆ ಟವೆಲ್ ಎತ್ತಬೇಕು. ಜಿಸಿಸಿ 4.9 ಬರೆದ ಯಂತ್ರಭಾಷೆ ಕೆಲವೊಮ್ಮೆ ಮೊದಲೇ ಟವೆಲ್ ಎತ್ತಿಬಿಡುತ್ತಿತ್ತು. ಚೀಲ ಸೀಟಿನ ಮೇಲೇ! ಹೆಚ್ಚಿನ ಸಲ ಮರುಕ್ಷಣವೇ ಚೀಲವನ್ನೂ ಎತ್ತಿಕೊಳ್ಳುವುದರಿಂದ ಏನೂ ಆಗದು. ಆದರೆ ಆ ಒಂದೆರಡು ಆದೇಶಗಳ ನಡುವಣ ಕ್ಷಣದಲ್ಲೇ ಹೊರಗಿನಿಂದ ಇಂಟರಪ್ಟ್ ಬಂದರೆ, ಖಾಲಿಯೆಂದು ತಿಳಿದ ಕರ್ನೆಲ್ ಅದೇ ಜಾಗದಲ್ಲಿ ತನ್ನ ಸಾಮಾನು ಇಡುತ್ತದೆ. ಮೊದಲಿನವನ ಕೈಗೆ ಸಿಗುವುದು ಬೇರೆಯವರ ಚೀಲ.

ಈ ದೋಷ ಜಿಸಿಸಿ 5.1ರಲ್ಲಿ ಆಗಲೇ ತಿದ್ದಲ್ಪಟ್ಟಿತ್ತು ಎಂಬುದು ಗಮನಾರ್ಹ. 5.1 ಬಂದದ್ದು 2015ರಲ್ಲಿ. ಅಂದರೆ ಮದ್ದು ಸಿದ್ಧವಾಗಿ ಐದು ವರ್ಷ ಕಳೆದರೂ ರೋಗ ಉಳಿದಿತ್ತು, ಏಕೆಂದರೆ ಹಳೆಯ ಕಂಪೈಲರಿಗೆ ಇನ್ನೂ ಒಳಗೆ ಜಾಗವಿತ್ತು. ಕರ್ನೆಲ್‌ನವರು ಕೂಡಲೇ ಆ ಪ್ರೊಸೆಸರ್‌ಗೆ 5.1ಕ್ಕಿಂತ ಹಳೆಯ ಜಿಸಿಸಿಯನ್ನು ನಿಷೇಧಿಸಿದರು. ಅದೇ ವರ್ಷ ಉಳಿದ ಪ್ರೊಸೆಸರ್‌ಗಳಿಗೂ ಅದೇ ಕನಿಷ್ಠ ಮಿತಿ ಬಂತು. ಇಲ್ಲಿ ಗಡುವಿನ ಪ್ರಶ್ನೆಯೇ ಇಲ್ಲ. ದತ್ತಾಂಶ ಕೆಡಿಸುವ ಉಪಕರಣವನ್ನು ಅಂದೇ ಮೇಜಿನಿಂದ ಕೆಳಗಿಳಿಸಬೇಕು.

ಕಿಲೋಗ್ರಾಂನಿಂದ ಒಂದು ಪಾಠ

ಸಾಧನವನ್ನು ನಿವೃತ್ತಿಗೊಳಿಸುವ ಕಲೆಯಲ್ಲಿ ನಮ್ಮ ಮಾಪನ ವಿಜ್ಞಾನಿಗಳಿಗೆ ಸರಿಸಾಟಿ ಇಲ್ಲ. ಪ್ಯಾರಿಸ್ ಸಮೀಪದ ಸೆವ್ರ್‌ನಲ್ಲಿರುವ ಪ್ಲಾಟಿನಂ-ಇರಿಡಿಯಂ ಉರುಳೆಯು 1889ರಿಂದ ಜಗತ್ತಿನ ಕಿಲೋಗ್ರಾಂ ಆಗಿತ್ತು. ಅದಕ್ಕೂ ಅದರ ಪ್ರತಿಕೃತಿಗಳಿಗೂ ನಡುವೆ ನೂರು ವರ್ಷಗಳಲ್ಲಿ ಸುಮಾರು 50 ಮೈಕ್ರೋಗ್ರಾಂನಷ್ಟು ಅಂತರ ಬೆಳೆದಿತ್ತು. ಬದಲಿಸಬೇಕೆಂಬುದು ಎಲ್ಲರಿಗೂ ಗೊತ್ತು. ಆದರೆ ಅವರು ದಿನಾಂಕದಿಂದ ಆರಂಭಿಸಲಿಲ್ಲ, ಷರತ್ತಿನಿಂದ ಆರಂಭಿಸಿದರು. ಕನಿಷ್ಠ ಮೂರು ಸ್ವತಂತ್ರ ಪ್ರಯೋಗಗಳು ಪ್ಲಾಂಕ್ ಸ್ಥಿರಾಂಕಕ್ಕೆ ಪರಸ್ಪರ ಹೊಂದುವ ಬೆಲೆ ಕೊಡಬೇಕು. ಅನಿಶ್ಚಿತತೆ ಹತ್ತು ಕೋಟಿಯಲ್ಲಿ 5 ಭಾಗವನ್ನು ಮೀರಬಾರದು. ಒಂದರಲ್ಲಾದರೂ 2 ಭಾಗವನ್ನು ಮೀರಬಾರದು. ಒಂದು ವಿಧಾನ ಕಿಬಲ್ ತಕ್ಕಡಿಯದು, ಇನ್ನೊಂದು ಸಿಲಿಕಾನ್ ಗೋಳದ ಪರಮಾಣುಗಳನ್ನು ಎಣಿಸುವುದು. ಎರಡರ ಭೌತವಿಜ್ಞಾನವೇ ಬೇರೆ. ಎರಡೂ ಒಂದೇ ಉತ್ತರ ಕೊಟ್ಟ ಮೇಲೆ, 2019ರ ಮೇ 20ರಂದು, ಉರುಳೆಗೆ ವಿಶ್ರಾಂತಿ ದೊರೆಯಿತು. ಅದನ್ನು ಕರಗಿಸಲಿಲ್ಲ, ಭದ್ರವಾಗಿ ಕಾಪಾಡಿಕೊಂಡು ಬರುತ್ತಿದ್ದಾರೆ.

ಕಂಪೈಲರಿನ ವಿಷಯಕ್ಕೂ ಇದು ಅನ್ವಯಿಸುತ್ತದೆ. ಹೊರಗಿಡುವುದು ಬೇರೆ, ನಾಶಮಾಡುವುದು ಬೇರೆ. ಹಳೆಯ ಕಂಪೈಲರನ್ನು ಜೋಪಾನವಾಗಿಡಲು ಬಲವಾದ ಕಾರಣವೂ ಇದೆ. ಯೂನಿಕ್ಸ್‌ನ ಜನಕರಲ್ಲೊಬ್ಬರಾದ ಕೆನ್ ಥಾಮ್ಸನ್ 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಒಂದು ಬೆಚ್ಚಿಬೀಳಿಸುವ ಸಾಧ್ಯತೆ ತೋರಿಸಿದರು. ಕಂಪೈಲರಿನಲ್ಲಿ ಕಳ್ಳಗಿಂಡಿಯೊಂದನ್ನು ಅಡಗಿಸಿದರೆ, ಆ ಕಂಪೈಲರಿನಿಂದಲೇ ಕಟ್ಟಿದ ಮುಂದಿನ ಕಂಪೈಲರಿಗೂ ಅದು ದಾಟುತ್ತದೆ. ಆಕರವನ್ನು ಎಷ್ಟು ಓದಿದರೂ ಕಾಣದು. ಇದನ್ನು ಹಿಡಿಯುವ ಒಂದು ಉಪಾಯ, ಸಂಬಂಧವಿಲ್ಲದ ಇನ್ನೊಂದು ಕಂಪೈಲರಿನ ಮೂಲಕ ಅದನ್ನೇ ಕಟ್ಟಿ ತಾಳೆನೋಡುವುದು. ಇದಲ್ಲದೆ 2013ರ 4.8 ಆವೃತ್ತಿಯಿಂದ ಜಿಸಿಸಿಯನ್ನು ಕಟ್ಟಲು ಸಿ ಪ್ಲಸ್ ಪ್ಲಸ್ ಕಂಪೈಲರೇ ಬೇಕು. ಬುಡದಿಂದ ಆರಂಭಿಸುವವರು ಬರೀ ಸಿ ಭಾಷೆಯಲ್ಲಿರುವ ಹಳೆಯ ಜಿಸಿಸಿಯೊಂದನ್ನು ಏಣಿಯ ಮೆಟ್ಟಿಲಾಗಿ ಬಳಸಬೇಕಾಗುತ್ತದೆ. ಇವೆಲ್ಲ ಉಗ್ರಾಣದಲ್ಲಿಡಲು ಕಾರಣಗಳೇ ಹೊರತು ಅಡುಗೆಮನೆಯಲ್ಲಿಡಲು ಅಲ್ಲ. ಫ್ರೀಬಿಎಸ್‌ಡಿಯ ಹಳೆಯ ಆಕರಗಳು ಅದರ ಇತಿಹಾಸ ಸಂಗ್ರಹದಲ್ಲಿ ಉಳಿದೇ ಇವೆ. ಬೇಕಾದವರು ತೆಗೆದು ನೋಡಬಹುದು.

ಭೌತವಿಜ್ಞಾನದವರಿಗೆ ಇನ್ನೊಂದು ಮಾತು ಹೇಳಬೇಕು. ಕಂಪೈಲರ್ ಬದಲಾದರೆ ನಿಮ್ಮ ಉಪಕರಣ ಬದಲಾದಂತೆ. 32 ಬಿಟ್ ಕಾಲದ ಕಂಪೈಲರುಗಳು ಇಂಟೆಲ್‌ನ 80 ಬಿಟ್ ರಿಜಿಸ್ಟರುಗಳಲ್ಲಿ ದಶಮಾಂಶ ಲೆಕ್ಕ ಮಾಡುತ್ತಿದ್ದವು. 64 ಬಿಟ್ ಗಣಕಗಳಲ್ಲಿ ಸಾಮಾನ್ಯವಾಗಿ 64 ಬಿಟ್‌ನಲ್ಲೇ ಮಾಡುತ್ತವೆ. ಕೊನೆಯ ಕೆಲವು ಅಂಕಿಗಳು ಬೇರೆಯಾಗುತ್ತವೆ. ಲೋಲಕದ ಸಣ್ಣ ಆಂದೋಲನಕ್ಕೆ ಇದು ಲೆಕ್ಕಕ್ಕಿಲ್ಲ. ಜೋಡಿ ಲೋಲಕದಂಥ ಅಸ್ತವ್ಯಸ್ತ ಚಲನೆಯಲ್ಲಿ ಸ್ವಲ್ಪ ಹೊತ್ತಿನಲ್ಲೇ ಎರಡು ಪಥಗಳು ಬೇರೆಬೇರೆ ದಿಕ್ಕು ಹಿಡಿಯುತ್ತವೆ. ಎರಡೂ ತಪ್ಪಲ್ಲ, ಆದರೆ ಯಾವ ಕಂಪೈಲರಿನಲ್ಲಿ ತೆಗೆದ ಫಲಿತಾಂಶವೆಂದು ದಾಖಲಿಸದಿದ್ದರೆ ತಪ್ಪು.

ಊರಿಗೆ ಉಪದೇಶ ಹೇಳುವಾಗ ನಮ್ಮ ಮನೆಯನ್ನೂ ನೋಡಿಕೊಳ್ಳಬೇಕಲ್ಲ. ನಮ್ಮ ಕಾಲೇಜುಗಳ ಗಣಕ ಪ್ರಯೋಗಾಲಯಗಳಲ್ಲಿ ಎರಡು ತಲೆಮಾರು ಬೋರ್ಲೆಂಡ್ ಕಂಪೆನಿಯ ಟರ್ಬೊ ಸಿ ಪ್ಲಸ್ ಪ್ಲಸ್‌ನ ನೀಲಿ ಪರದೆಯ ಮುಂದೆ ಕುಳಿತು ಕಲಿತಿದೆ. ಅದು 1990ರ ಡಾಸ್ ಕಾಲದ್ದು. ಸಿ ಪ್ಲಸ್ ಪ್ಲಸ್‌ಗೆ ಮೊದಲ ಅಂತರರಾಷ್ಟ್ರೀಯ ಮಾನಕ ಬಂದದ್ದೇ 1998ರಲ್ಲಿ. 64 ಬಿಟ್ ವಿಂಡೋಸ್‌ನಲ್ಲಿ ಅದು ನೇರವಾಗಿ ಓಡುವುದೂ ಇಲ್ಲ. ಡಾಸ್‌ಬಾಕ್ಸ್ ಎಂಬ ಅನುಕರಣೆಯೊಳಗೆ ಕೂರಿಸಿ ಓಡಿಸುವ ಪರಿಪಾಠ ಬೆಳೆಯಿತು. ಅದರಲ್ಲಿ ಪೂರ್ಣಾಂಕಕ್ಕೆ 16 ಬಿಟ್ ಮಾತ್ರ. 8ರ ಕ್ರಮಗುಣಿತ ಎಷ್ಟೆಂದು ಕೇಳಿದರೆ ಅದು 40320ರ ಬದಲು -25216 ಎನ್ನುತ್ತದೆ. ವಿದ್ಯಾರ್ಥಿಗಳು ಇದನ್ನು ಸಿ ಭಾಷೆಯ ಗುಣವೆಂದೇ ತಿಳಿಯುತ್ತಾರೆ. ಹೀಗೆ ಕಲಿತು ಸ್ನಾತಕೋತ್ತರ ತರಗತಿಗೆ ಬಂದವರ ಕ್ರಮವಿಧಿಗಳ ಮೊದಲ ಸಾಲುಗಳನ್ನೇ ಹೊಸ ಕಂಪೈಲರ್ ತಿರಸ್ಕರಿಸಿದಾಗ ಅವರ ಮುಖ ಸಪ್ಪಗಾಗುವುದನ್ನು ನಾನು ವರ್ಷವರ್ಷವೂ ನೋಡಿದ್ದೇನೆ. ಫ್ರೀಬಿಎಸ್‌ಡಿಯ ಆರು ವರ್ಷಕ್ಕೆ ಹುಬ್ಬೇರಿಸಿದ ನಾವು ಇದಕ್ಕೆ ಏನೆನ್ನೋಣ?

ಅವರಿಗೆ ಪರವಾನಗಿಯ ಬೇಲಿ ಇತ್ತು. ನಮಗೆ ಇದ್ದದ್ದು ಅಚ್ಚಾದ ಕೈಪಿಡಿ ಮತ್ತು 'ಪರೀಕ್ಷೆಗೆ ಬರುವವರು ಏನು ಹೇಳುತ್ತಾರೋ' ಎಂಬ ಅಂಜಿಕೆ. ನನ್ನ ಜವಾಬ್ದಾರಿಯಲ್ಲಿದ್ದ ಕೈಪಿಡಿಯನ್ನು ಒಮ್ಮೆ ಕೂತು ಪರಿಶೀಲಿಸಿದಾಗ 14 ಪ್ರಯೋಗಗಳಲ್ಲಿ 11 ಪ್ರಯೋಗಗಳು ತಲಾ ಮೂರು ನಾಲ್ಕು ಸಾಲು ತಿದ್ದಿದೊಡನೆ ಹೊಸ ಜಿಸಿಸಿಯಲ್ಲಿ ಓಡಿದವು. ಒಂದೇ ಮಧ್ಯಾಹ್ನದ ಕೆಲಸ. ಹತ್ತು ವರ್ಷ ಮುಂದೂಡಿದ್ದೆ. ಉಳಿದ ಮೂರು ಟರ್ಬೊದ ಚಿತ್ರಗ್ರಂಥಾಲಯವನ್ನು ನಂಬಿದವು: ಉತ್ಕ್ಷೇಪಕದ ಪಥ, ಲಿಸಾಜೂ ಆಕೃತಿಗಳು, ಅವಮಂದಿತ ಆಂದೋಲನ. ಇವುಗಳಿಗೆ ನಮ್ಮ ಕೊಠಡಿಯ ಫಲಕದ ಮೇಲೆ ಷರತ್ತು ಬರೆದಿದ್ದೇವೆ. ಹೊಸ ಕ್ರಮವಿಧಿ ಎಳೆದ ರೇಖೆ ಹಳೆಯದರ ಮೇಲೆ ಒಂದು ಪಿಕ್ಸೆಲ್‌ನೊಳಗೆ ಕೂರಬೇಕು, ಇಬ್ಬರು ಅಧ್ಯಾಪಕರು ಬೇರೆಬೇರೆಯಾಗಿ ನೋಡಿ ಸಹಿ ಹಾಕಬೇಕು, ಸೆಮಿಸ್ಟರ್ ಪರೀಕ್ಷೆಗೆ ಮೊದಲು ಮುಗಿಯಬೇಕು. ಉತ್ಕ್ಷೇಪಕದ ಪಥಕ್ಕೂ ಆಂದೋಲನಕ್ಕೂ ಸಹಿ ಬಿದ್ದಿದೆ. ಲಿಸಾಜೂ ಆಕೃತಿ ಮಾತ್ರ ಇನ್ನೂ ಎರಡು ಪಿಕ್ಸೆಲ್ ಪಕ್ಕಕ್ಕೆ ಸರಿದು ನಿಂತಿದೆ. ಪರೀಕ್ಷೆಗೆ ಐದು ವಾರವಿದೆ.